ತಿಮ್ಮಪ್ಪನ ಹೆಸರು ಮೊಮ್ಮಗಳಿಗೆ ಬಂತು, ಜಮೀನು ಬರಲಿಲ್ಲ

ಹೆಣ್ಣುಮಗುವಿಗೆ ಗಂಡು ಹೆಸರು ಇಡುವುದು ಈಗಿನ ಪೇಟೆ ಮಂದಿಯ ಹುಚ್ಚು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಬೆಂಗಳೂರಿನ ವಿದ್ಯಾರಣ್ಯಪುರದಂಥ ಬಡಾವಣೆಗೆ ಹೋದರೆ ಹಾಗನ್ನಿಸುವುದೂ ಸಹಜ. ಅಲ್ಲಿ "ಕಿರಣ್" ಅಂತ ಕೂಗಿದರೆ ಹುಡುಗನೂ ತಿರುಗಿ ನೋಡಬಹುದು, ಹುಡುಗಿಯೂ ತಿರುಗಿ ನೋಡಬಹುದು. ಆದರೆ ಇದು ಪೇಟೆಯಲ್ಲಿ ಹುಟ್ಟಿದ್ದಲ್ಲ. ನಿಮ್ಮ ಅಜ್ಜಿ, ಮುತ್ತಜ್ಜಿಯರ ಹೆಸರುಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ, ಗೊತ್ತಾಗುತ್ತದೆ.

ಯಲಹಂಕ, ಹೆಸರಘಟ್ಟ, ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಯಾವ ಹಳ್ಳಿಯನ್ನಾದರೂ ತಗೊಳ್ಳಿ. ಮುನಿಯಪ್ಪ ಇದ್ದ ಕಡೆ ಮುನಿಯಮ್ಮ ಇದ್ದೇ ಇರುತ್ತಾಳೆ. ನಂಜಪ್ಪ–ನಂಜಮ್ಮ, ಬೈರಪ್ಪ–ಬೈರಮ್ಮ, ವೆಂಕಟಪ್ಪ–ವೆಂಕಟಮ್ಮ, ರಂಗಪ್ಪ–ರಂಗಮ್ಮ, ಕೆಂಪಣ್ಣ–ಕೆಂಪಮ್ಮ. ಮುನೇಶ್ವರ, ನಂಜುಂಡೇಶ್ವರ, ಭೈರವ, ವೆಂಕಟರಮಣ, ರಂಗನಾಥ ಇವರೆಲ್ಲ ಗಂಡು ದೇವರು. ನಮ್ಮ ಅಜ್ಜಿಯರು ಹೊತ್ತುಕೊಂಡು ತಿರುಗಿದ್ದು ಗಂಡು ದೇವರ ಹೆಸರನ್ನೇ. ಅಪ್ಪ, ಅಣ್ಣ, ಅಯ್ಯ ಸೇರಿದರೆ ಗಂಡಸು. ಅಮ್ಮ, ಅಕ್ಕ, ಅವ್ವ ಸೇರಿದರೆ ಹೆಂಗಸು. ಹೆಸರಿನ ಬುಡ ಇಬ್ಬರಿಗೂ ಒಂದೇ.

ಮರಗಳನ್ನು ಮಕ್ಕಳಂತೆ ಬೆಳೆಸಿ 2019ರಲ್ಲಿ ಪದ್ಮಶ್ರೀ ಪಡೆದ ಸಾಲುಮರದ ತಿಮ್ಮಕ್ಕನ ಹೆಸರಿನಲ್ಲಿರುವ ತಿಮ್ಮ ಯಾರು? ತಿರುಪತಿ ತಿಮ್ಮಪ್ಪ. ಹಾಗಂತ ಯಾರೂ ತಿಮ್ಮಕ್ಕನಿಗೆ ಗಂಡು ಹೆಸರಿದೆ ಅನ್ನಲಿಲ್ಲ. ನಮ್ಮ ಕಿವಿಗೆ ಅದು ಅಪ್ಪಟ ಅಜ್ಜಿಯ ಹೆಸರು.

ಇತಿಹಾಸದಲ್ಲೂ ಹೀಗೇ. ಚಿತ್ರದುರ್ಗದ ಓಬವ್ವನ ಹೆಸರು ಅಹೋಬಲದ ನರಸಿಂಹನಿಂದ ಬಂದದ್ದು. ಅಹೋಬಲ ಜನರ ಬಾಯಲ್ಲಿ ಓಬಳ ಆಯಿತು, ಓಬ ಆಯಿತು. ಅದೇ ದುರ್ಗವನ್ನು ಹಿಂದೆ ಆಳಿದ ಪಾಳೆಯಗಾರರಲ್ಲಿ ಓಬಣ್ಣ ನಾಯಕ ಎಂಬುವರಿದ್ದರು. ಕೋಟೆ ಆಳಿದವನಿಗೂ, ಕೋಟೆ ಕಾಯುವವನ ಹೆಂಡತಿಗೂ ಒಂದೇ ಹೆಸರು! ಹದಿನಾರನೇ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ, ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ಹೆಸರಿನ ನಡುವೆ ಭೈರವ ಕೂತಿದ್ದಾನೆ. ಆ ಕಡೆ ಕಾರ್ಕಳದ ಅರಸರು ಭೈರರಸರು. ಇನ್ನೂ ಹಿಂದೆ ಹೋದರೆ, 911ರ ಸುಮಾರಿಗೆ ಶಿಕಾರಿಪುರ ಸೀಮೆಯ ನಾಗರಖಂಡವನ್ನು ಗಂಡ ಸತ್ತ ಮೇಲೆ ಆಳಿದ ಜಕ್ಕಿಯಬ್ಬೆ ಸಿಗುತ್ತಾಳೆ. ಜಕ್ಕ ಎಂದರೆ ಯಕ್ಷ, ಜಕ್ಕಣ್ಣ ಗಂಡಸಿನ ಹೆಸರು. ಅವಳ ಹೆಸರಿನ ಕೊನೆಯ 'ಅಬ್ಬೆ'ಯೇ ಮುಂದೆ ಅವ್ವೆ ಆಗಿ, ಅವ್ವ ಆಗಿ ನಮ್ಮ ಮನೆಗಳಿಗೆ ಬಂತು.

ಹಾಗಾದರೆ ಹೆಸರುಗಳ ನಡುವೆ ಗಂಡು–ಹೆಣ್ಣಿನ ಗೋಡೆ ಎದ್ದದ್ದು ಯಾವಾಗ? ಅಮ್ಮ, ಅಕ್ಕ, ಅವ್ವ ಉದುರಿಹೋದಾಗ. ಶಾಲೆಯ ಹಾಜರಿ ಪುಸ್ತಕ ಬಂತು, ಪೇಟೆಯ ಕೆಲಸ ಬಂತು. ಮುನಿಯಮ್ಮ, ಬೈರಮ್ಮ ಎಂಬ ಹೆಸರುಗಳು ಹಳ್ಳಿ ಹೆಸರು ಅನ್ನಿಸಿಕೊಂಡವು. ಮಕ್ಕಳಿಗೆ ಮಂಜುಳಾ, ಪದ್ಮಾ, ರಾಜೇಶ್, ಸುರೇಶ್ ಅಂತ ಇಡತೊಡಗಿದೆವು. ಈ ಹೊಸ ಹೆಸರುಗಳಲ್ಲಿ ಗಂಡಿನದು ಬೇರೆ, ಹೆಣ್ಣಿನದು ಬೇರೆ. ಹೀಗೆ ಎರಡು ಪಟ್ಟಿ ಆದ ಮೇಲೆ ತಾನೇ 'ಆ ಪಟ್ಟಿಯ ಹೆಸರು ಈ ಪಟ್ಟಿಗೆ ಬಂತು' ಅಂತ ಆಶ್ಚರ್ಯ ಪಡಲು ಸಾಧ್ಯ?

ವಿದ್ಯಾರಣ್ಯಪುರ ಈ ವಿಷಯಕ್ಕೆ ಒಳ್ಳೆ ಜಾಗ. 1953ರಲ್ಲಿ ಜಾಲಹಳ್ಳಿ ಕಡೆ ಎಚ್‌ಎಂಟಿ ಬಂತು, 1954ರಲ್ಲಿ ಬಿಇಎಲ್ ಬಂತು, ವಾಯುಪಡೆಯ ನೆಲೆಯೂ ಅಲ್ಲೇ ಇದೆ. ದೇಶದ ಎಲ್ಲ ಕಡೆಯಿಂದ ಜನ ಬಂದು ನೆಲೆಸಿದರು. ಕನ್ನಡದವರಿಗೆ ಕಿರಣ್, ಸುಮನ್ ಹುಡುಗರು. ಉತ್ತರದವರಿಗೆ ಅವೇ ಹೆಸರು ಹುಡುಗಿಯರಿಗೂ ಆಗುತ್ತದೆ. ಬೆಂಗಳೂರಿನಲ್ಲೇ 1953ರಲ್ಲಿ ಹುಟ್ಟಿ 1978ರಲ್ಲಿ ಬಯೋಕಾನ್ ಕಂಪನಿ ಕಟ್ಟಿದ ಕಿರಣ್ ಮಜುಂದಾರ್ ಷಾ ಎಲ್ಲರಿಗೂ ಗೊತ್ತು. ಪಂಜಾಬಿನ ಸಿಖ್ಖರದಂತೂ ನಮ್ಮ ಅಜ್ಜಂದಿರ ಲೆಕ್ಕವೇ. ಹರ್‌ಪ್ರೀತ್ ಸಿಂಗ್ ಅಂದರೆ ಗಂಡಸು, ಹರ್‌ಪ್ರೀತ್ ಕೌರ್ ಅಂದರೆ ಹೆಂಗಸು. ನಂಜಪ್ಪ–ನಂಜಮ್ಮನ ಲೆಕ್ಕಕ್ಕೂ ಇದಕ್ಕೂ ಏನು ವ್ಯತ್ಯಾಸ?

ಇಲ್ಲಿಯವರೆಗೆ ಹೇಳಿದ್ದು ಸಂತೋಷದ ಮಾತು. ಇನ್ನೊಂದು ಮಗ್ಗುಲೂ ಇದೆ.

ಹೆಣ್ಣಿಗೆ ಗಂಡು ಹೆಸರು ಇಡುವವರೆಲ್ಲರ ಮನಸ್ಸಿನಲ್ಲಿ ಒಂದೇ ಯೋಚನೆ ಇರುವುದಿಲ್ಲ. ದೇವರ ಹೆಸರು, ಅಜ್ಜನ ಹೆಸರು ಮನೆಯಲ್ಲಿ ಉಳಿಯಲಿ ಅಂತ ಇಡುವವರು ಒಂದು ಬಗೆ. ಈ ಸಲ ಹೆಣ್ಣಾಯಿತು, ಮುಂದಿನದಾದರೂ ಗಂಡಾಗಲಿ ಅಂತ ಇಡುವವರು ಇನ್ನೊಂದು ಬಗೆ. ಮೊದಲನೆಯದರಲ್ಲಿ ಮಗುವಿಗೆ ಮರ್ಯಾದೆ ಇದೆ. ಎರಡನೆಯದರಲ್ಲಿ ಹುಟ್ಟಿದ ಮಗುವಿನ ಹೆಸರು ಇನ್ನೂ ಹುಟ್ಟದ ಮಗನಿಗೆ ಹಾಕಿದ ಅರ್ಜಿ. ಸಾಕಮ್ಮ ಎಂಬ ಹೆಸರನ್ನೇ ನೋಡಿ. ಸಾಕುವವಳು ಅಂತಲೂ ಅರ್ಥ ಮಾಡಬಹುದು, ಹೆಣ್ಣು ಸಾಕಮ್ಮ ಅಂತಲೂ ಅರ್ಥ ಮಾಡಬಹುದು. ಕಾಫಿಪುಡಿ ಉದ್ಯಮ ಕಟ್ಟಿ ಬೆಂಗಳೂರಿನಲ್ಲಿ ಮನೆಮಾತಾದ ಸಾಕಮ್ಮನವರು ಆ ಹೆಸರಿಗೆ ದೊಡ್ಡ ಗೌರವ ತಂದರು. ಎಲ್ಲ ಸಾಕಮ್ಮಂದಿರಿಗೂ ಆ ಭಾಗ್ಯ ಇರಲಿಲ್ಲ. ನೆರೆಯ ಮಹಾರಾಷ್ಟ್ರದಲ್ಲಿ 'ನಕೋಶಿ' ಅಂದರೆ 'ಬೇಡವಾದವಳು' ಅಂತಲೇ ಹೆಸರಿಡುತ್ತಿದ್ದರು. 2011ರಲ್ಲಿ ಸಾತಾರಾ ಜಿಲ್ಲೆಯಲ್ಲಿ ಇಂಥ 285 ಹುಡುಗಿಯರಿಗೆ ಸಮಾರಂಭ ಮಾಡಿ ಹೊಸ ಹೆಸರು ಕೊಟ್ಟರು.

ಮೂರನೆಯ ಬಗೆಯೊಂದಿತ್ತು, ಅದು ಎಲ್ಲಕ್ಕಿಂತ ಕಠಿಣ. ಬಳ್ಳಾರಿ, ಚಿತ್ರದುರ್ಗ, ರಾಯಚೂರು ಸೀಮೆಯ ಹಿರಿಯರಿಗೆ 'ಬಸವಿ ಬಿಡುವುದು' ಅಂದರೆ ಗೊತ್ತು. ಬಸವನ ಹೆಣ್ಣು ರೂಪ ಬಸವಿ. ಗಂಡುಮಕ್ಕಳಿಲ್ಲದ ಬಡ ಮನೆಯವರು ಒಬ್ಬ ಮಗಳನ್ನು ದೇವರಿಗೆ ಬಿಡುತ್ತಿದ್ದರು. ಅವಳು ಮದುವೆಯಾಗುವಂತಿಲ್ಲ, ತವರಲ್ಲೇ ಇರಬೇಕು. ಅದಕ್ಕೆ ಬದಲಾಗಿ ಮಗನಿಗಿದ್ದ ಹಕ್ಕು ಅವಳಿಗೆ ಸಿಗುತ್ತಿತ್ತು. ಅಪ್ಪನ ಆಸ್ತಿ ಅವಳಿಗೆ, ಅಪ್ಪನ ಕೊನೆಗಾಲದ ಕ್ರಿಯೆ ಅವಳ ಕೈಯಿಂದ, ಅವಳ ಮಕ್ಕಳು ಅಜ್ಜನ ವಂಶಕ್ಕೆ. ಅಂದರೆ ಆ ಕಾಲದ ಲೆಕ್ಕ ಸರಳವಾಗಿತ್ತು. ಹೆಣ್ಣಿಗೆ ಮಗನ ಪಾಲು ಬೇಕಾದರೆ ಅವಳು ಹೆಣ್ಣಾಗಿ ಬಾಳುವುದನ್ನೇ ಬಿಟ್ಟುಕೊಡಬೇಕು. ಊರಿನ ಗಂಡಸರು ಅವಳನ್ನು ಹೇಗೆ ಬಳಸಿಕೊಂಡರು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಕರ್ನಾಟಕದ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ರೂಪುಗೊಂಡದ್ದು 1982ರಲ್ಲಿ.

ಅರಮನೆಯಲ್ಲೂ ಇದೇ ಲೆಕ್ಕ. ಹದಿಮೂರನೇ ಶತಮಾನದಲ್ಲಿ ಓರುಗಲ್ಲಿನ ಕಾಕತೀಯ ದೊರೆ ಗಣಪತಿದೇವನಿಗೆ ಗಂಡುಮಕ್ಕಳಿರಲಿಲ್ಲ. ಮಗಳು ರುದ್ರಮದೇವಿ ಪಟ್ಟಕ್ಕೆ ಬಂದಳು. ಆದರೆ ಶಾಸನಗಳಲ್ಲಿ ಅವಳು ರುದ್ರದೇವ ಮಹಾರಾಜ! ನಮ್ಮ ಕಡೆ ಕೆಳದಿಯ ಚೆನ್ನಮ್ಮ 1672ರಿಂದ 1697ರವರೆಗೆ ರಾಜ್ಯ ಆಳಿದಳು. ಕಿತ್ತೂರಿನ ಚೆನ್ನಮ್ಮ 1824ರಲ್ಲಿ ಇಂಗ್ಲಿಷರ ಎದುರು ನಿಂತಳು. ಚೆನ್ನ ಎಂಬ ಬುಡ ಚೆನ್ನಪ್ಪನಿಗೂ ಇದೆ, ಚೆನ್ನಬಸವಣ್ಣನಿಗೂ ಇದೆ. ಹೆಸರಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೂ ಇಬ್ಬರು ಚೆನ್ನಮ್ಮಂದಿರೂ ರಾಜ್ಯ ಉಳಿಸಲು ಗಂಡು ಮಗುವನ್ನು ದತ್ತು ತಗೊಳ್ಳಬೇಕಾಯಿತು. ಕಿತ್ತೂರಿನ ಯುದ್ಧ ನಡೆದದ್ದೇ ಆ ದತ್ತನ್ನು ಕಂಪನಿ ಸರ್ಕಾರ ಒಪ್ಪದಿದ್ದಕ್ಕೆ. ಹೆಸರು ಇಬ್ಬರಿಗೂ ಒಂದೇ ಇತ್ತು, ವಾರಸುದಾರಿಕೆ ಮಾತ್ರ ಗಂಡಿಗೆ.

ಈ ಮಾತು ಅರಮನೆಗಿಂತ ನಮ್ಮ ಹೊಲಕ್ಕೆ ಹೆಚ್ಚು ತಟ್ಟುತ್ತದೆ. ಮೈಸೂರು ಸಂಸ್ಥಾನ 1933ರಲ್ಲೇ ಕಾಯ್ದೆ ಮಾಡಿ ವಿಧವೆಯರಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಒಂದಿಷ್ಟು ಪಾಲು ಕೊಟ್ಟಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅಪ್ಪನ ಸ್ವಂತ ಆಸ್ತಿಯಲ್ಲಿ ಮಗಳಿಗೂ ಪಾಲು ಅಂದಿತು, ಆದರೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕು ಗಂಡುಮಕ್ಕಳಿಗೇ ಉಳಿಯಿತು. ಕರ್ನಾಟಕ 1994ರಲ್ಲಿ ಅದನ್ನು ತಿದ್ದಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟಿತು. ಆದರೆ ಅಷ್ಟರಲ್ಲಿ ಮದುವೆಯಾಗಿ ಹೋದವರನ್ನು ಹೊರಗಿಟ್ಟಿತು. 2005ರಲ್ಲಿ ಇಡೀ ದೇಶಕ್ಕೆ ತಿದ್ದುಪಡಿ ಬಂದು ಮದುವೆಯ ತಡೆಯೂ ಹೋಯಿತು. 2005ರ ಹೊತ್ತಿಗೆ ಅಪ್ಪ ಬದುಕಿರಲೇಬೇಕು ಎಂಬ ಷರತ್ತಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಕಾನೂನು ಪ್ರಕಾರ ಆಗಿಹೋದ ವಿಭಾಗವನ್ನು ಮಾತ್ರ ಮತ್ತೆ ಎಬ್ಬಿಸುವಂತಿಲ್ಲ.

ಇನ್ನೊಂದು ವಿಚಾರ. ಹೊಟ್ಟೆಯಲ್ಲಿರುವುದು ಹೆಣ್ಣೋ ಗಂಡೋ ಎಂದು ಪರೀಕ್ಷೆ ಮಾಡಿಸುವುದನ್ನು ನಿಷೇಧಿಸುವ ಕಾಯ್ದೆ ಸಂಸತ್ತಿನಲ್ಲಿ ಬಂದದ್ದೂ 1994ರಲ್ಲೇ. ಒಂದೇ ವರ್ಷ ಒಂದು ಕಾಯ್ದೆ ಮಗಳಿಗೆ ಪಾಲು ಕೊಟ್ಟಿತು, ಇನ್ನೊಂದು ಕಾಯ್ದೆ ಅವಳನ್ನು ಹುಟ್ಟಲು ಬಿಡಿ ಅಂದಿತು. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ ಇದ್ದ ಹೆಣ್ಣುಮಕ್ಕಳು 948.

ಈಗ ಮತ್ತೆ ವಿದ್ಯಾರಣ್ಯಪುರದ ಸುತ್ತಮುತ್ತ ನೋಡಿ. ತಿಂಡ್ಲು, ನರಸೀಪುರ, ದೊಡ್ಡಬೊಮ್ಮಸಂದ್ರ, ಚಿಕ್ಕಬೆಟ್ಟಹಳ್ಳಿ ಇವೆಲ್ಲ ಹಿಂದೆ ಹಳ್ಳಿಗಳೇ. ರಾಗಿ ಬೆಳೆಯುತ್ತಿದ್ದ ಹೊಲ ಸೈಟಾಯಿತು. ಎಕರೆ ಲೆಕ್ಕದ ಭೂಮಿ ಚದರಡಿ ಲೆಕ್ಕಕ್ಕೆ ಬಂತು. ಇದೇ ಗಾಳಿ ಈಗ ದೇವನಹಳ್ಳಿ, ದೊಡ್ಡಬಳ್ಳಾಪುರ ದಾಟಿ ನಮ್ಮ ಊರುಗಳ ಕಡೆ ಬೀಸುತ್ತಿದೆ. ಜಮೀನಿಗೆ ಬೆಲೆ ಬಂದಾಗ ಮದುವೆಯಾಗಿ ಹೋದ ಅಕ್ಕತಂಗಿಯರು ನೆನಪಾಗುತ್ತಾರೆ, ಯಾಕೆಂದರೆ ಅವರ ಸಹಿ ಬೇಕು. ಕಾರು ಮಾಡಿ ಕರೆದುಕೊಂಡು ಬಂದು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿ, ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ಕೈಗಿಟ್ಟು ಕಳಿಸುವುದು ಯಾವ ಊರಿಗೆ ಹೊಸದು? ಪಾಲು ಕೇಳಿದವಳಿಗೆ ತವರಿನ ಬಾಗಿಲು ಮುಚ್ಚುತ್ತದೆ ಎಂಬ ಭಯಕ್ಕೆ ಎಷ್ಟೋ ನಂಜಮ್ಮ, ತಿಮ್ಮಕ್ಕಂದಿರು ಬಾಯಿ ಬಿಡಲಿಲ್ಲ. ಅಜ್ಜ ತಿಮ್ಮಪ್ಪ ತನ್ನ ಹೆಸರನ್ನು ಮೊಮ್ಮಗಳಿಗೆ ಪ್ರೀತಿಯಿಂದಲೇ ಕೊಟ್ಟಿದ್ದ. ಪಹಣಿಗೆ ಮಾತ್ರ ಆ ಪ್ರೀತಿ ಏರಲಿಲ್ಲ.

ಹಾಗಾದರೆ ಹೆಣ್ಣುಮಗುವಿಗೆ ಗಂಡು ಹೆಸರು ಇಡಬಾರದೇ? ಧಾರಾಳವಾಗಿ ಇಡಿ. ಜನನ ಪ್ರಮಾಣಪತ್ರದಲ್ಲಿ ಹೆಸರಿನ ಕಾಲಂ ಬೇರೆ, ಹೆಣ್ಣೋ ಗಂಡೋ ಎಂಬ ಕಾಲಂ ಬೇರೆ. ಮಗು ಹುಟ್ಟಿದ 21 ದಿನದೊಳಗೆ ನೋಂದಣಿ ಮಾಡಿಸಿ. ಹೆಸರು ಇನ್ನೂ ಗೊತ್ತಾಗದಿದ್ದರೆ ನೋಂದಣಿಯಾದ ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಶಾಲೆ, ಆಧಾರ್, ಬ್ಯಾಂಕ್ ಎಲ್ಲ ಕಡೆ ಒಂದೇ ಅಕ್ಷರದಲ್ಲಿ ಬರೆಸಿ. ಅಜ್ಜನ ಹೆಸರನ್ನು ಮೊಮ್ಮಗಳಿಗೆ ಇಡುವುದು ನಮ್ಮ ಹಳೇ ಪದ್ಧತಿ, ನಾಚಿಕೆ ಪಡುವಂಥದ್ದೇನೂ ಇಲ್ಲ.

ಆದರೆ ಹೆಸರಿಟ್ಟ ಮೇಲೆ ಇನ್ನೊಂದು ಕೆಲಸ ಉಳಿಯುತ್ತದೆ. ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸುವಾಗ ಹೆಣ್ಣುಮಕ್ಕಳ ಹೆಸರನ್ನು ಬಿಡಬೇಡಿ, ಮದುವೆಯಾದವರದನ್ನೂ ಬಿಡಬೇಡಿ. ಪೌತಿ ಖಾತೆ ಮಾಡಿಸುವಾಗ ಅವರನ್ನೂ ಕೂರಿಸಿಕೊಂಡು ಮಾತಾಡಿ. ಹೆಣ್ಣುಮಕ್ಕಳೇ, ಓದಿಸಿ ಕೇಳದೆ ಯಾವ ಪತ್ರಕ್ಕೂ ಸಹಿ ಹಾಕಬೇಡಿ, ಹೆಬ್ಬೆಟ್ಟು ಒತ್ತಬೇಡಿ. ಬಿಟ್ಟುಕೊಡುವುದಾದರೂ ಏನನ್ನು ಬಿಟ್ಟುಕೊಡುತ್ತಿದ್ದೀರಿ ಎಂದು ತಿಳಿದು ಬಿಟ್ಟುಕೊಡಿ. ನಿಮ್ಮ ಮನೆಯ ವಂಶವೃಕ್ಷದ ಕಾಗದ ಪೆಟ್ಟಿಗೆಯಲ್ಲಿದ್ದರೆ ಇವತ್ತೇ ತೆಗೆದು ನೋಡಿ, ಅದರಲ್ಲಿ ಎಷ್ಟು ಜನ ಅಮ್ಮ, ಅಕ್ಕ, ಅವ್ವಂದಿರಿದ್ದಾರೆ ಅಂತ.