ತಲೆಗೆ 60 ರೂಪಾಯಿ: ಅಜ್ಜನ ಯಶಸ್ವಿನಿ ಕಾರ್ಡ್ ಮತ್ತು ಸರ್ಕಾರದ ಅಂದಾಜು

(1/4)
ಫೋಟೋದಲ್ಲಿರೋದು ನಮ್ಮಜ್ಜನ ಹಳೇ ಯಶಸ್ವಿನಿ ಕಾರ್ಡ್. ಹರಿಹರದ ಹತ್ರ ನಮ್ಮೂರ ಮನೇಲಿ, ಟ್ರಂಕಿನ ತಳದಲ್ಲಿ, ಸೊಸೈಟಿ ಪಾಸ್‌ಬುಕ್ ಜೊತೆ ಸಿಕ್ತು. (ನಂಬರ್ ಮುಚ್ಚಿದ್ದೀನಿ, ಝೂಮ್ ಮಾಡ್ಬೇಡಿ.)

ನಿಮ್ಮ ಮನೇಲೂ ಒಂದು ಇರಬಹುದು, ಹುಡುಕಿ ನೋಡಿ. 2002ರ ನವೆಂಬರ್‌ನಲ್ಲಿ ಎಸ್.ಎಂ. ಕೃಷ್ಣ ಸರ್ಕಾರ ಇದನ್ನ ಶುರು ಮಾಡ್ತು, 2003ರ ಜೂನ್ 1ರಿಂದ ಚಿಕಿತ್ಸೆ ಸಿಗೋಕೆ ಆರಂಭ. ಐಡಿಯಾ ಡಾ. ದೇವಿ ಶೆಟ್ಟಿ ಅವರದ್ದು. ಸಹಕಾರ ಸಂಘದ ಸದಸ್ಯರು ತಿಂಗಳಿಗೆ 5 ರೂಪಾಯಿ ಲೆಕ್ಕದಲ್ಲಿ ವರ್ಷಕ್ಕೆ 60 ಕಟ್ಟಿದ್ರೆ ದೊಡ್ಡ ಆಪರೇಷನ್ನೂ ಉಚಿತ. ಮೊದಲ ವರ್ಷ ಸರ್ಕಾರ ಸೇರಿಸಿದ್ದು 4.5 ಕೋಟಿ. ಹಿಂದೆ ಯಾವ ಇನ್ಶೂರೆನ್ಸ್ ಕಂಪನಿಯೂ ಇರ್ಲಿಲ್ಲ. ಒಂದು ಟ್ರಸ್ಟು, ನಮ್ಮಂಥವರ ದುಡ್ಡು, ಅಷ್ಟೇ.

(2/4)
ಈಗ ಬಿಕಾಂ ತಲೆ ಓಡಿಸೋಣ. ಒಂದು ವಸ್ತುವಿನ ಬೆಲೆ ಹೇಗೆ ಇಡ್ತೀವಿ? ಮೊದಲು ಖರ್ಚು, ಆಮೇಲೆ ಬೆಲೆ. ಇಲ್ಲಿ ಉಲ್ಟಾ. ರೈತ ಎಷ್ಟು ಕೊಡಬಲ್ಲ ಅನ್ನೋದು ಮೊದಲು ಬಂತು, ಖರ್ಚನ್ನ ಅದರೊಳಗೆ ಕೂರಿಸಿದ್ರು. ತಪ್ಪು ಅಂತ ಹೇಳ್ತಿಲ್ಲ. ಬೇರೆ ದಾರಿ ಇತ್ತಾ? ಹಳ್ಳಿ ಜನ ವರ್ಷಕ್ಕೆ ಎಷ್ಟು ಸಲ ಆಪರೇಷನ್ ಮಾಡಿಸ್ಕೊಳ್ತಾರೆ ಅಂತ ಹೇಳೋ ಹಳೇ ಲೆಡ್ಜರ್ ಯಾರ ಹತ್ರ ಇತ್ತು?

ಮೊದಲ ವರ್ಷ ಸುಮಾರು 16 ಲಕ್ಷ ಜನ ಸೇರಿದ್ರು, ಆಪರೇಷನ್ ಆದವು 9 ಸಾವಿರದಷ್ಟು. ಅಂದ್ರೆ ಸಾವಿರಕ್ಕೆ ಐದಾರು ಜನ. ಅಂದಾಜು ಗೆದ್ದ ಹಾಗೆ ಕಾಣ್ತು. ನನಗೆ ಇಲ್ಲೇ ಅನುಮಾನ. ಖರ್ಚು ಕಡಿಮೆ ಆಗಿದ್ದು ಕಾಯಿಲೆ ಕಡಿಮೆ ಇದ್ದಿದ್ದಕ್ಕಾ, ಅಥವಾ ಕಾರ್ಡ್ ಇಟ್ಕೊಂಡು ದಾವಣಗೆರೆಗೆ ಬಸ್ ಹತ್ತೋ ಧೈರ್ಯ ಜನಕ್ಕೆ ಇನ್ನೂ ಬಂದಿರದಿದ್ದಕ್ಕಾ? ಅಜ್ಜ ಹೇಳೋದು: ‘60 ರೂಪಾಯಿಗೆ ಹೊಟ್ಟೆ ಕೊಯ್ದು ಹೊಲೀತಾರೆ ಅಂದ್ರೆ ಯಾರು ನಂಬ್ತಾರೆ?’

ಎರಡನೇ ವರ್ಷ 20 ಲಕ್ಷ ಜನ, 15 ಸಾವಿರ ಆಪರೇಷನ್. ನಂಬಿಕೆ ಬಂತು ನೋಡಿ!

(3/4)
ಮೂರನೇ ವರ್ಷ, 2005. ನಾನು ಹುಟ್ಟಿದ ವರ್ಷ. ದೊಡ್ಡವರ ಕಂತು 60ರಿಂದ 120 ಆಯ್ತು. ಸದಸ್ಯರು 15 ಲಕ್ಷಕ್ಕಿಂತ ಕೆಳಗೆ ಇಳಿದ್ರು. ಆದ್ರೆ ಆಪರೇಷನ್? 19 ಸಾವಿರ ದಾಟ್ತು. ಸಾವಿರಕ್ಕೆ 13. ಕ್ಲೇಮ್ ಮೊತ್ತ 26 ಕೋಟಿ ಹತ್ರ. 15 ಲಕ್ಷವನ್ನ 120ರಿಂದ ಗುಣಿಸಿ ನೋಡಿ, 18 ಕೋಟಿನೇ. ಮಿಕ್ಕಿದ್ದು ಎಲ್ಲಿಂದ ಬರ್ಬೇಕು, ನೀವೇ ಹೇಳಿ.

ಜನ ಕಡಿಮೆ, ಆಪರೇಷನ್ ಜಾಸ್ತಿ. ಯಾಕೆ ಅಂತ ತಿಳ್ಕೊಳೋಕೆ ಪಠ್ಯಪುಸ್ತಕ ಬೇಡ, ನಮ್ಮನೆ ಸಾಕು. ಆಗ ಮನೇಲಿ ಐದು ದೊಡ್ಡ ತಲೆ: ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಚಿಕ್ಕಪ್ಪ. ಮೊದಲು 300 ಆಗ್ತಿತ್ತು, ಈಗ 600. ಅಜ್ಜ ಒಂದು ರಾತ್ರಿ ಯೋಚ್ನೆ ಮಾಡಿ ಅಜ್ಜಿ ಹೆಸರು ಮಾತ್ರ ಕಟ್ಟಿದ್ರು, ಯಾಕಂದ್ರೆ ಅಜ್ಜಿಗೆ ಗರ್ಭಕೋಶದ ಆಪರೇಷನ್ ಆಗ್ಬೇಕು ಅಂತ ಡಾಕ್ಟರ್ ಹೇಳಾಗಿತ್ತು. ಗಟ್ಟಿಮುಟ್ಟಾಗಿದ್ದ ಅಪ್ಪನ್ನ ಬಿಟ್ರು. ಹಿಂಗೇ ಊರೂರಲ್ಲಿ ಗಟ್ಟಿಯಿದ್ದೋರು ಹೊರಗೆ, ಆಪರೇಷನ್ ಬೇಕಾದೋರು ಒಳಗೆ. ಮತ್ತೆ ಅಂದಾಜು ನಿಲ್ಲೋದು ಹೇಗೆ?

ಅದೇ ಮಳೆಗಾಲ ಅಪ್ಪನಿಗೆ ಅಪೆಂಡಿಕ್ಸ್. ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆ. ಅಮ್ಮನ ಓಲೆ ಗಿರವಿಗೆ ಹೋಯ್ತು, ಬಿಡಿಸಿದ್ದು ನಾನು ಅಂಗನವಾಡಿಗೆ ಹೋಗೋ ಹೊತ್ತಿಗೆ. ಯಶಸ್ವಿನಿ ಪುಸ್ತಕದಲ್ಲಿ ನಮ್ಮನೆ ಖರ್ಚು ಅಂದ್ರೆ ಅಜ್ಜಿದೊಂದೇ. ಓಲೆ ಯಾವ ಅಂದಾಜಿನಲ್ಲೂ ಬರಲ್ಲ.

(4/4)
ನಮ್ಮ ಸರ್ಕಾರ ಮಾತ್ರ ಹಿಂಗೆ ಅನ್ಕೋಬೇಡಿ. ಅಮೆರಿಕದಲ್ಲಿ 1965ರಲ್ಲಿ ಮೆಡಿಕೇರ್ ಕಾನೂನು ಆದಾಗ, ಅದರ ಆಸ್ಪತ್ರೆ ವಿಮೆ ಭಾಗಕ್ಕೆ 1990ರಲ್ಲಿ 900 ಕೋಟಿ ಡಾಲರ್ ಆಗುತ್ತೆ ಅಂದಿದ್ರು. ಆಗಿದ್ದು 6,700 ಕೋಟಿ. ಬೆಲೆಯೇರಿಕೆ ಸ್ವಲ್ಪ ಕಾರಣ, ಪೂರ್ತಿ ಅಲ್ಲ. ಆದ್ರೂ ಆ ಯೋಜನೆ ಇವತ್ತಿಗೂ ನಡೀತಿದೆ, ಅದೂ ನೆನಪಿರ್ಲಿ.

ಯಶಸ್ವಿನಿಯನ್ನ 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಸೇರಿಸಿದ್ರು. ಆಮೇಲೆ 2022ರ ಬಜೆಟ್‌ನಲ್ಲಿ ಬೊಮ್ಮಾಯಿ 300 ಕೋಟಿ ಇಟ್ರು, 2023ರ ಜನವರಿಯಿಂದ ಮತ್ತೆ ಜಾರಿ. ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500, ಮೇಲಿನ ಪ್ರತಿಯೊಬ್ಬರಿಗೆ 100. ಈ ಸಲ ತಲೆ ಲೆಕ್ಕ ಬಿಟ್ಟು ಮನೆ ಲೆಕ್ಕ ಹಿಡಿದಿರೋದು ನನಗೆ ಇಷ್ಟ ಆಯ್ತು. ಅಪ್ಪನ್ನ ಬಿಟ್ಟು ಅಜ್ಜಿನ ಮಾತ್ರ ಸೇರಿಸಿದ್ರೆ ಉಳಿಯೋದು ಅಷ್ಟರಲ್ಲೇ ಇದೆ. ಆದ್ರೆ ಆ 300 ಕೋಟಿ ಹಾಕುವಾಗ ಸಾವಿರಕ್ಕೆ ಎಷ್ಟು ಜನ ಬರ್ತಾರೆ ಅಂತ ಹಿಡಿದಿದ್ರು? ಐದಾ, ಹದಿಮೂರಾ? ಮುಂದಿನ ಸಲ ಇಂಥ ಮೊತ್ತ ಪೇಪರ್‌ನಲ್ಲಿ ನೋಡಿದಾಗ ನೀವೂ ಇದನ್ನೇ ಕೇಳಿ.

ಚಿಕ್ಕಪ್ಪ ಈಗ ಬೇರೆ ಇದ್ದಾರೆ, ಅವರ ಜಾಗಕ್ಕೆ ನಾನು. ಐದು ಜನಕ್ಕೆ ಒಟ್ಟು 600. ಅಜ್ಜ ಎರಡು ಸಲ ಎಣಿಸಿ ಸೊಸೈಟಿಗೆ ಕಟ್ಟಿ ಬಂದ್ರು.

#ಯಶಸ್ವಿನಿ #ಹರಿಹರ #ದಾವಣಗೆರೆ #ಲೆಕ್ಕದಇತಿಹಾಸ