ಪದ್ಮಿನಿಯ ಹೊಳಪು, ಪದ್ಮಿನಿಯ ತುಕ್ಕು

ಇವತ್ತು ಒಂದು ಕಾರಿನ ಚರಿತ್ರೆ ಹೇಳ್ತೀನಿ. ಇಂಜಿನ್ನಿನಿಂದ ಶುರು ಮಾಡಲ್ಲ. ಮೈಮೇಲಿನ ಬಣ್ಣದಿಂದ, ಬಣ್ಣದ ಕೆಳಗಿರುವ ತಗಡಿನಿಂದ ಶುರು ಮಾಡ್ತೀನಿ. ಕಾರು ಪ್ರೀಮಿಯರ್ ಪದ್ಮಿನಿ. ಮುಂಬೈ ಕನ್ನಡಿಗರಿಗೆ ಇದರ ಪರಿಚಯ ಬೇಕಿಲ್ಲ. ದಾದರಿನಲ್ಲಿ ರೈಲಿಳಿದು, ತಲೆ ಮೇಲಿನ ಕ್ಯಾರಿಯರ್‌ಗೆ ಟ್ರಂಕು ಕಟ್ಟಿಸಿ, ಕಪ್ಪು-ಹಳದಿ ಟ್ಯಾಕ್ಸಿಯಲ್ಲಿ ಈ ಊರನ್ನು ಮೊದಲ ಸಲ ನೋಡಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.

ಈಗಲೂ ಕೆಲವರ ಮನೆ ಕೆಳಗೆ ಅಪ್ಪನ ಪದ್ಮಿನಿ ನಿಂತಿರುತ್ತೆ. ಭಾನುವಾರ ಬಂದರೆ ಬಕೆಟ್ಟು, ಬಟ್ಟೆ, ಪಾಲಿಶ್ ಡಬ್ಬಿ ಹೊರಗೆ ಬರುತ್ತೆ. ಬಾನೆಟ್ ಮೇಲೆ ಮುಖ ಕಾಣಿಸಬೇಕು. ಆದರೆ ಅದೇ ಕಾರಿನ ಮ್ಯಾಟ್ ಎತ್ತಿ ನೋಡಿ. ಎಷ್ಟೋ ಕಾರುಗಳಲ್ಲಿ ಕಾಲಿಡುವ ಜಾಗದಲ್ಲಿ ರಸ್ತೆ ಕಾಣುತ್ತೆ! ಹೊಳಪು ಕೊಡೋದು ಬೇರೆ, ತುಕ್ಕು ತಡೆಯೋದು ಬೇರೆ. ಎಷ್ಟೋ ಸಲ ಒಂದು ಇನ್ನೊಂದಕ್ಕೆ ವಿರೋಧ ಕೂಡ. ಯಾಕೆ ಅಂತ ತಿಳಿಯೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈ ಕಥೆಗೆ ನಮ್ಮ ಕಡೆಯ ಒಂದು ಕೊಂಡಿಯಿದೆ. 1935ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಯುರೋಪು, ಅಮೆರಿಕಗಳ ಮೋಟರ್ ಕಾರ್ಖಾನೆಗಳನ್ನು ಸುತ್ತಿ ಬಂದು, ಭಾರತದಲ್ಲೇ ಕಾರು ತಯಾರಾಗಬೇಕು ಅಂತ ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹಿರಾಚಂದ್ ಅದರ ಬೆನ್ನಿಗೆ ನಿಂತರು. ಮೈಸೂರು ಸಂಸ್ಥಾನವೂ ಆಸಕ್ತಿ ತೋರಿಸಿತ್ತು. ಬ್ರಿಟಿಷ್ ಸರ್ಕಾರ ಕೈ ಕೊಡಲಿಲ್ಲ. ವಾಲ್‌ಚಂದ್ 1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. ಅಂದರೆ ಬೆಂಗಳೂರಿಗೆ ವಿಮಾನ ಬಂತು, ಕಾರು ಮುಂಬೈ ಪಾಲಾಯಿತು. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಹುಟ್ಟಿತು. ಕುರ್ಲಾದಲ್ಲಿ ಅದರ ಕಾರ್ಖಾನೆ. ಇವತ್ತು ಕೊಹಿನೂರ್ ಸಿಟಿ ಎದ್ದಿರೋದು ಆ ಜಾಗದಲ್ಲೇ.

ಮೊದಲು ಅಲ್ಲಿ ಡಾಡ್ಜ್, ಪ್ಲಿಮತ್, ಡಿಸೋಟೊ ಥರದ ಅಮೆರಿಕನ್ ಗಾಡಿಗಳ ಜೋಡಣೆ ನಡೆಯುತ್ತಿತ್ತು. 1950ರ ದಶಕದಲ್ಲಿ ಇಟಲಿಯ ಫಿಯೆಟ್ ಬಂತು. ಗುಂಡುಗುಂಡಗೆ ಇದ್ದ ಆ ಮೊದಲ 1100 ಕಾರನ್ನು ಮುಂಬೈ ಜನ ಪ್ರೀತಿಯಿಂದಲೇ ‘ಡುಕ್ಕರ್’ ಅಂದರು, ಮರಾಠಿಯಲ್ಲಿ ಹಂದಿ ಅಂತ. 1964ರಲ್ಲಿ 1100 ಡಿಲೈಟ್ ಬಂತು. ಫಿಯೆಟ್ ಜೊತೆಗಿನ ಒಪ್ಪಂದ ಮುಗಿದ ಮೇಲೆ ಅದೇ ಕಾರು ಸ್ವಲ್ಪ ಕಾಲ ಪ್ರೀಮಿಯರ್ ಪ್ರೆಸಿಡೆಂಟ್ ಆಗಿ, 1974ರಿಂದ ಪದ್ಮಿನಿ ಆಯಿತು. 1089 ಸಿ.ಸಿ. ಇಂಜಿನ್, ಸ್ಟಿಯರಿಂಗ್ ಪಕ್ಕದಲ್ಲೇ ಗೇರು.

ಇಲ್ಲಿ ತಗಡಿನ ವಿಷಯಕ್ಕೆ ಬರೋಣ. ಹಳೇ ಅಮೆರಿಕನ್ ಗಾಡಿಗಳಿಗೆ ಕೆಳಗೆ ಲಾರಿಯ ಹಾಗೆ ಬೇರೆಯೇ ಚಾಸಿ ಇರುತ್ತಿತ್ತು. ಬಾಡಿ ಅದರ ಮೇಲೆ ಕೂರೋದು. ಬಾಡಿಗೆ ತುಕ್ಕು ಹಿಡಿದರೆ ನೋಡೋಕೆ ಅಸಹ್ಯ ಅಷ್ಟೆ, ಗಾಡಿ ಓಡುತ್ತೆ. 1953ರಲ್ಲಿ ಇಟಲಿಯಲ್ಲಿ ಬಂದ ಹೊಸ ಫಿಯೆಟ್ 1100ಕ್ಕೆ ಬೇರೆ ಚಾಸಿಯೇ ಇಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಅಂಚು, ಕಂಬಗಳು, ತಾರಸಿ ಎಲ್ಲ ವೆಲ್ಡ್ ಆಗಿ ಒಂದೇ ಮೈ. ಮೆಕ್ಯಾನಿಕ್‌ಗಳು ‘ರನ್ನಿಂಗ್ ಬೋರ್ಡ್’ ಅನ್ನೋ ಆ ಬಾಗಿಲ ಕೆಳಗಿನ ಅಂಚು ಅಲಂಕಾರಕ್ಕಲ್ಲ, ಅದೇ ಕಾರಿನ ಬೆನ್ನೆಲುಬು. ಅದರ ಒಳಗೆ ಟೊಳ್ಳು. ನೀರು ಒಳಗೆ ಹೋದರೆ ಹೊರಗೆ ಬರೋ ದಾರಿ ಸಣ್ಣದು. ತುಕ್ಕು ಹುಟ್ಟೋದು ಒಳಗಿನಿಂದ. ಹೊರಗೆ ಬಣ್ಣದ ಮೇಲೆ ಸಣ್ಣ ಗುಳ್ಳೆ ಕಂಡ ದಿನ ಒಳಗಿನ ತಗಡು ಹಪ್ಪಳವಾಗಿರುತ್ತೆ. ಬಾಗಿಲು ಹಾಕುವಾಗ ಸ್ವಲ್ಪ ಎತ್ತಿ ಹಾಕಬೇಕಾಗಿದೆ ಅಂದರೆ ಬರೀ ಕೀಲು ಸವೆದಿದೆ ಅಂದುಕೊಳ್ಳಬೇಡಿ, ಮೈಯೇ ಬಾಗುತ್ತಿರಬಹುದು.

ಇನ್ನು ಹೊಳಪಿನ ಕಥೆ. ಫೋರ್ಡ್ ಮಾಡೆಲ್ ಟಿ 1914ರಿಂದ 1925ರವರೆಗೆ ಬರೀ ಕಪ್ಪು ಬಣ್ಣದಲ್ಲಿ ಸಿಗುತ್ತಿತ್ತು. ಬೇಗ ಒಣಗುತ್ತಿದ್ದದ್ದು ಆ ಕಪ್ಪು ಮಾತ್ರ. ಬಣ್ಣದ ಕಾರು ಬೇಕು ಅಂದರೆ ಪದರದ ಮೇಲೆ ಪದರ ಬಳಿದು ವಾರಗಟ್ಟಲೆ ಕಾಯಬೇಕಿತ್ತು. ಆಗ ಡುಪಾಂಟ್ ಕಂಪನಿ ‘ಡ್ಯೂಕೋ’ ಅನ್ನೋ ನೈಟ್ರೋಸೆಲ್ಯುಲೋಸ್ ಲ್ಯಾಕರ್ ತಂದಿತು. 1924ರ ಓಕ್‌ಲ್ಯಾಂಡ್ ಕಾರುಗಳಿಗೆ ಇದರ ನೀಲಿ ಬಣ್ಣ ಬಂತು. ನಮ್ಮ ಬಡಗಿಗಳು ಇವತ್ತಿಗೂ ವಾರ್ಡ್‌ರೋಬ್‌ಗೆ ‘ಡ್ಯೂಕೋ ಹೊಡೀಬೇಕಾ?’ ಅಂತ ಕೇಳ್ತಾರಲ್ಲ, ಅದೇ ಹೆಸರು. ಗ್ಯಾರೇಜಿನವರು ಎನ್.ಸಿ. ಪೇಂಟ್ ಅನ್ನೋದೂ ಈ ಜಾತಿಯ ಬಣ್ಣಕ್ಕೇ.

ಲ್ಯಾಕರ್ ಬೇಗ ಒಣಗುತ್ತೆ. ಆದರೆ ಗನ್ನಿನಿಂದ ಹೊಡೆದಾಗ ಮಂಕಾಗಿಯೇ ಇರುತ್ತೆ. ವಾಟರ್ ಪೇಪರ್ ಹಿಡಿದು ಉಜ್ಜಿ, ಆಮೇಲೆ ರಬ್ಬಿಂಗ್ ಕಾಂಪೌಂಡ್ ಹಾಕಿ ತಿಕ್ಕಿದರೆ ಮಾತ್ರ ಹೊಳಪು. ಬಿಸಿಲಿಗೆ ಮತ್ತೆ ಮಂಕಾಗುತ್ತೆ, ಮತ್ತೆ ತಿಕ್ಕಬೇಕು. ಭಾನುವಾರದ ಪಾಲಿಶ್ ಅನ್ನೋ ಆಚಾರ ಇಲ್ಲಿಂದ ಬಂದದ್ದು ಅಂತ ನನ್ನ ಅಭಿಪ್ರಾಯ. ಕಾಂಪೌಂಡ್ ಅಂದರೆ ಸಣ್ಣ ಅರ. ಪ್ರತಿ ಸಲ ಬಣ್ಣದ ಒಂದು ತೆಳು ಪದರವನ್ನು ಅದು ತಿನ್ನುತ್ತೆ. ಬಾನೆಟ್ಟಿನ ಏಣು, ಮಡ್‌ಗಾರ್ಡಿನ ಅಂಚು, ಬಾಗಿಲ ತುದಿ, ಈ ಜಾಗಗಳಲ್ಲಿ ಬಣ್ಣ ಮೊದಲೇ ತೆಳ್ಳಗಿರುತ್ತೆ. ಹತ್ತು ವರ್ಷ ಶ್ರದ್ಧೆಯಿಂದ ತಿಕ್ಕಿದವರ ಕಾರಿನಲ್ಲಿ ಆ ಅಂಚುಗಳಲ್ಲೇ ಪ್ರೈಮರ್ ಇಣುಕುತ್ತೆ, ಅದರ ಹಿಂದೆಯೇ ತುಕ್ಕು. ವ್ಯಾಕ್ಸ್ ಹಾಗಲ್ಲ. ಬ್ರೆಜಿಲಿನ ತಾಳೆಜಾತಿಯ ಮರದ ಎಲೆಯಿಂದ ಬರೋ ಕಾರ್ನೋಬಾ ಮೇಣ ಬಣ್ಣವನ್ನು ತಿನ್ನಲ್ಲ, ಮೇಲೆ ಕೂತು ನೀರನ್ನು ಜಾರಿಸುತ್ತೆ. ನಮ್ಮವರು ಎರಡಕ್ಕೂ ‘ಪಾಲಿಶ್’ ಅಂತ ಒಂದೇ ಹೆಸರಿಟ್ಟದ್ದು ತಗಡಿಗೆ ದುಬಾರಿಯಾಯಿತು.

ಹೊಸ ಕಾರಿಗೆ ವರ್ಷಗಟ್ಟಲೆ ಕಾಯಬೇಕಿದ್ದ ಲೈಸೆನ್ಸ್ ಕಾಲ ಅದು. ಸಿಕ್ಕ ಒಂದು ಕಾರನ್ನು ಇಪ್ಪತ್ತು ಮೂವತ್ತು ವರ್ಷ ಓಡಿಸಬೇಕು. ಊರು ನೋಡಿದರೆ ಮೂರು ಕಡೆ ಉಪ್ಪುನೀರು, ವರ್ಷಕ್ಕೆ 2,000 ಮಿ.ಮೀ. ಮೀರಿದ ಮಳೆ. ಕಬ್ಬಿಣಕ್ಕೆ ನೀರು ಮತ್ತು ಗಾಳಿ ಸಿಕ್ಕರೆ ತುಕ್ಕು, ಉಪ್ಪು ಸೇರಿದರೆ ಅದರ ವೇಗ ಹೆಚ್ಚುತ್ತೆ. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು, ಅದಕ್ಕೇ ಅದು ಬಣ್ಣವನ್ನು ಎತ್ತಿ ಒಡೆಯುತ್ತೆ. ಅಲ್ಯೂಮಿನಿಯಂ ಮೇಲೆ ಕೂರುವ ಪೊರೆ ಲೋಹವನ್ನು ಕಾಯುತ್ತೆ. ತುಕ್ಕು ಹಾಗಲ್ಲ, ಸ್ಪಂಜಿನ ಥರ ಇನ್ನಷ್ಟು ನೀರು ಹಿಡಿದಿಟ್ಟುಕೊಳ್ಳುತ್ತೆ.

ಆದ್ದರಿಂದ ಮಳೆಗಾಲಕ್ಕೆ ಮುಂಚೆ ಗಾಡಿಯ ಅಡಿಗೆ ಸುಟ್ಟ ಇಂಜಿನ್ ಆಯಿಲ್ ಹೊಡೆಸೋದು ಗ್ಯಾರೇಜುಗಳ ವಾಡಿಕೆಯಾಯಿತು. ನೀರು ತಗಡಿಗೆ ತಾಗಲ್ಲ, ಉಪಾಯ ಕೆಟ್ಟದ್ದಲ್ಲ. ಆದರೆ ಸುಟ್ಟ ಆಯಿಲಿನಲ್ಲಿ ಆಮ್ಲ ಇರುತ್ತೆ, ರಬ್ಬರ್ ಬುಶ್‌ಗಳು ಉಬ್ಬುತ್ತವೆ, ಮಳೆ ಬಂದಾಗ ಎಲ್ಲ ಗಟಾರಕ್ಕೆ. ಆಮೇಲೆ ಬಂದ ದಪ್ಪ ಕಪ್ಪು ಡಾಂಬರಿನ ಕೋಟಿಂಗ್ ನೋಡೋಕೆ ಭದ್ರ. ಕೆಲವು ವರ್ಷಕ್ಕೆ ಅದು ಒಣಗಿ ಬಿರುಕು ಬಿಡುತ್ತೆ, ಬಿರುಕಿನಲ್ಲಿ ನೀರು ಹೊಕ್ಕು ಒಳಗೇ ಕೂರುತ್ತೆ. ಮೇಲೆ ಕಪ್ಪಗೆ ಚೆನ್ನಾಗಿದೆ, ಸ್ಕ್ರೂ ಡ್ರೈವರ್‌ನಿಂದ ಒತ್ತಿದರೆ ತೂತು. ಗಲೀಜು ಆಯಿಲೇ ಇದಕ್ಕಿಂತ ವಾಸಿ ಅನ್ನಿಸುತ್ತೆ ಒಮ್ಮೊಮ್ಮೆ.

ಇಷ್ಟೆಲ್ಲ ಈಗ್ಯಾಕೆ ಹೇಳ್ತಿದ್ದೀನಿ ಅಂದರೆ, ಪದ್ಮಿನಿಯ ಉತ್ಪಾದನೆ ನಿಂತು ಎರಡು ದಶಕ ದಾಟಿತು. ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವ್ ಆರ್‌ಟಿಒದಲ್ಲಿ 2003ರ ಅಕ್ಟೋಬರ್‌ನಲ್ಲಿ ನೋಂದಣಿಯಾಗಿತ್ತು. ಟ್ಯಾಕ್ಸಿಗೆ 20 ವರ್ಷದ ಮಿತಿ, ಹಾಗಾಗಿ 2023ರ ಅಕ್ಟೋಬರ್‌ಗೆ ಅದೂ ರಸ್ತೆ ಬಿಟ್ಟಿತು. ಉಳಿದಿರೋದು ಮನೆಗಳಲ್ಲಿ ಇರೋ ಕಾರುಗಳು. ಅವು 15 ವರ್ಷದ ಮೇಲೆ ಐದೈದು ವರ್ಷಕ್ಕೊಮ್ಮೆ ಮರುನೋಂದಣಿಗೆ ಹೋಗಬೇಕು. 2021ರಲ್ಲಿ ಬಂದ ವಿಂಟೇಜ್ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗೆ ಬೇರೆ ನೋಂದಣಿ ಉಂಟು, 1974ರ ಪದ್ಮಿನಿಗಳು ಈಗ ಆ ವಯಸ್ಸಿಗೆ ಬಂದಿವೆ. ಆದರೆ ಷರತ್ತು ನೋಡಿ: ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಇಂಜಿನ್ ದೊಡ್ಡದಾಗಿ ಬದಲಾಗಿರಬಾರದು. ನೆಲ, ಅಂಚು ಎಲ್ಲ ಕೊಳೆತು ಅರ್ಧ ಮೈ ಹೊಸ ತಗಡು ಹಾಕಿಸಿದ ಕಾರು ಮೂಲ ರೂಪದ್ದು ಹೌದೋ ಅಲ್ಲವೋ ಅಂತ ವಾದ ಮಾಡಬೇಕಾದೀತು. ಅಪ್ಪನ ಕಾರು ಉಳಿಯಬೇಕು ಅಂದರೆ ಬಾನೆಟ್ಟಿಗಿಂತ ಮುಂಚೆ ಮ್ಯಾಟ್ ಕೆಳಗೆ ನೋಡಬೇಕು.

ಮನೆಯಲ್ಲಿ ಮಾಡೋಕೆ ಒಳ್ಳೆ ಸಮಯ ಮಳೆ ಪೂರ್ತಿ ಹೋದ ಮೇಲೆ. ನಮ್ಮ ಆಯುಧಪೂಜೆ ಹೆಚ್ಚುಕಡಿಮೆ ಆ ಹೊತ್ತಿಗೇ ಬರುತ್ತೆ. ಹೂವಿನ ಹಾರಕ್ಕಿಂತ ಮುಂಚೆ ಬಾಗಿಲ ಕೆಳಗಿನ ಸಣ್ಣ ತೂತುಗಳಿಗೆ ಒಂದು ತಂತಿ ಹಾಕಿ ಕೆಸರು ತೆಗೆಯಿರಿ. ಕಾಸು ಖರ್ಚಿಲ್ಲದ ಈ ಕೆಲಸಕ್ಕಿಂತ ದೊಡ್ಡ ಉಪಕಾರ ಇನ್ನಿಲ್ಲ. ಮ್ಯಾಟು, ಅದರ ಕೆಳಗಿನ ಫೆಲ್ಟು ಎಲ್ಲ ತೆಗೆದು ಎರಡು ದಿನ ಬಿಸಿಲಿಗೆ ಹಾಕಿ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ನೋಡಿ. ತುಕ್ಕು ಕಂಡಲ್ಲಿ ವೈರ್ ಬ್ರಶ್ಶಿನಿಂದ ಗಟ್ಟಿ ಲೋಹ ಸಿಗುವ ತನಕ ಉಜ್ಜಿ, ಆದರೆ ಹಳೇ ಬಣ್ಣದಲ್ಲಿ ಸೀಸ ಇರಬಹುದು, ಒದ್ದೆ ಮಾಡಿಯೇ ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಇಡಿ. ಉಳಿದ ಕಲೆಗೆ ಫಾಸ್ಫಾರಿಕ್ ಆಮ್ಲದ ರಸ್ಟ್ ಕನ್ವರ್ಟರ್, ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್. ಬರೀ ರೆಡ್ ಆಕ್ಸೈಡ್ ಹೊಡೆದು ಬಿಟ್ಟರೆ ಸಾಲದು, ಅದು ನೀರು ಹೀರುತ್ತೆ. ಪ್ರೈಮರ್ ಇಲ್ಲದೆ ಪುಟ್ಟಿ ಮೆತ್ತಿದರೆ ತುಕ್ಕಿಗೆ ಹೊದಿಕೆ ಹೊದಿಸಿದ ಹಾಗೆ. ಕೊನೆಗೆ ರನ್ನಿಂಗ್ ಬೋರ್ಡಿನ ಒಳಗೆ, ಬಾಗಿಲುಗಳ ಒಳಗೆ ಉದ್ದ ಕೊಳವೆಯಿಂದ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸಿ. ಇದು ಒಣಗಿ ಬಿರುಕು ಬಿಡಲ್ಲ, ಮೇಣದ ಹಾಗೇ ಮೆತ್ತಗಿದ್ದು ಸಂದುಗಳಿಗೆ ಹರಿಯುತ್ತೆ. ನೀರು ಹೋಗುವ ತೂತು ಮಾತ್ರ ಅದರಿಂದ ಮುಚ್ಚದ ಹಾಗೆ ನೋಡಿಕೊಳ್ಳಿ.

ಹೊಳಪಿನ ಕೆಲಸ ಆಮೇಲೆ. ಕಾಂಪೌಂಡ್ ವರ್ಷಕ್ಕೊಮ್ಮೆ, ಅದೂ ಬಣ್ಣ ಮಂಕಾಗಿದ್ದರೆ ಮಾತ್ರ, ಅಂಚುಗಳಿಗೆ ಟೇಪ್ ಅಂಟಿಸಿಕೊಂಡು. ಬಟ್ಟೆಗೆ ಕಾರಿನ ಬಣ್ಣವೇ ಹತ್ತುತ್ತಿದ್ದರೆ ಅದು ಒಂದೇ ಪದರದ ಹಳೇ ಬಣ್ಣ ಅಂತ ಅರ್ಥ, ಕೈ ಅಲ್ಲಿಗೇ ನಿಲ್ಲಿಸಿ. ವ್ಯಾಕ್ಸ್ ಎರಡು ಮೂರು ತಿಂಗಳಿಗೊಮ್ಮೆ, ನೆರಳಲ್ಲಿ. ವರ್ಲಿ, ಬಾಂದ್ರಾ ಥರ ಸಮುದ್ರದ ದಡದಲ್ಲಿದ್ದರೆ ಪೂರ್ತಿ ಮುಚ್ಚುವ ಪ್ಲಾಸ್ಟಿಕ್ ಕವರ್ ಬೇಡ, ಒಳಗೆ ಬೆವರುತ್ತೆ. ಗಾಳಿಯಾಡುವ ಬಟ್ಟೆಯ ಕವರ್ ಹಾಕಿ, ಮತ್ತೆ ವಾರಕ್ಕೊಮ್ಮೆ ಒಂದು ಬಕೆಟ್ ಸಿಹಿನೀರು ಗಾಡಿಯ ಕೆಳಭಾಗಕ್ಕೂ ಎರಚಿ, ಆಮೇಲೆ ಅರ್ಧ ಗಂಟೆ ಓಡಿಸಿ ಒಣಗಿಸಿ ತಂದು ನಿಲ್ಲಿಸಿ.