ಕುಬಸದಿಂದ ತೊಟ್ಟಿಲಿನವರೆಗೆ

ಇತಿಹಾಸವೆಂದರೆ ಅರಸರ ವಂಶಾವಳಿ, ಕಾಳಗ, ಶಾಸನ ಎಂದು ನಾವು ತಿಳಿದುಕೊಂಡು ಬಂದಿದ್ದೇವೆ. ಆದರೆ ಮನೆಯ ಒಳಗಿನ ಖೋಲಿಗೂ ಒಂದು ಇತಿಹಾಸವುಂಟು. ಅದನ್ನು ಬರೆದಿಟ್ಟವರು ಕಡಿಮೆ. ನೆನಪಿನಲ್ಲಿ ಹೊತ್ತವರು ಮುದುಕಿಯರು. ಹೋದ ವರ್ಷ ಅಂಥ ಒಂದು ಖೋಲಿಯ ಬಾಗಿಲಲ್ಲಿ ನಿಂತು ನಾನು ಕೇಳಿದ ಮಾತೇ ಈ ಲೇಖನಕ್ಕೆ ಕಾರಣ.

ನಮ್ಮ ಅಕ್ಕನ ಮಗಳು ಗಂಡನ ಮನೆ ರಬಕವಿಯಿಂದ ಚೊಚ್ಚಲ ಬಾಣಂತನಕ್ಕೆ ತವರು ಜಮಖಂಡಿಗೆ ಬಂದಿದ್ದಳು. ಹೆರಿಗೆ ದವಾಖಾನೆಯಲ್ಲಿಯೇ ಆಯಿತು. ಮರುದಿನ ಆಶಾ ಕಾರ್ಯಕರ್ತೆ ನೋಡಲು ಬಂದಾಗ, ಎಂಬತ್ತು ದಾಟಿದ ನಮ್ಮ ದೊಡ್ಡವ್ವನಿಗೂ ಆಕೆಗೂ ಮಾತಿಗೆ ಮಾತು ಬೆಳೆಯಿತು.

“ಮೊದಲಿನ ಹಾಲು ಕೆಟ್ಟ ಹಾಲು, ಹಿಂಡಿ ಚೆಲ್ಲಬೇಕು. ಬಾಣಂತಿ ನೀರು ಕುಡದರ ಹೊಟ್ಟಿ ಬರತೈತಿ” ಎಂದಳು ದೊಡ್ಡವ್ವ.

“ಆಯಿ, ಆ ಹಾಲೇ ಕೂಸಿಗೆ ಮೊದಲಿನ ಲಸಿಕಿ ಇದ್ದಂಗ. ನೀರು ಕುಡೀಲಿಲ್ಲಂದ್ರ ಹಾಲು ಎಲ್ಲಿಂದ ಬರಬೇಕ್ರಿ?” ಎಂದಳು ಆ ಹೆಣ್ಣುಮಗಳು.

ಇಬ್ಬರಲ್ಲಿ ಯಾರು ಸರಿ? ವೈದ್ಯಶಾಸ್ತ್ರದ ಉತ್ತರ ಸ್ಪಷ್ಟವಾಗಿದೆ; ಆಶಾ ಕಾರ್ಯಕರ್ತೆಯದೇ ಸರಿ. ಆದರೆ ಅಷ್ಟಕ್ಕೇ ದೊಡ್ಡವ್ವನ ಜ್ಞಾನವೆಲ್ಲವೂ ಸುಳ್ಳೆಂದು ತಳ್ಳಿಬಿಡಬಹುದೆ? ಪದ್ಧತಿಯೆಂಬುದು ಒಂದೇ ಕಲ್ಲಿನಲ್ಲಿ ಕಡೆದ ಕಂಬವಲ್ಲ. ಬೇರೆ ಬೇರೆ ಕಾಲದಲ್ಲಿ ಕಟ್ಟಿದ ಗೋಡೆ. ಯಾವ ಕಲ್ಲು ಗಟ್ಟಿ, ಯಾವುದು ಸಡಿಲವೆಂದು ತಟ್ಟಿ ನೋಡುವುದೇ ಇತಿಹಾಸದ ಕೆಲಸ.

1948ಕ್ಕೆ ಮೊದಲು ನಮ್ಮ ಈ ಭಾಗ ಒಬ್ಬ ದೊರೆಯ ಕೈಯಲ್ಲಿರಲಿಲ್ಲ. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದು, ಬೀಳಗಿ ಇಂಗ್ಲಿಷರ ವಿಜಾಪುರ ಜಿಲ್ಲೆಯದು. ಕಾಯಿದೆ ಬೇರೆ, ಕಂದಾಯ ಬೇರೆ. ಆದರೆ ಬಾಣಂತನ ಮಾತ್ರ ಎಲ್ಲೆಡೆಯೂ ಒಂದೇ. ಬಸುರಿಗೆ ಕುಬಸದ ಸಂಭ್ರಮ. ಹಸಿರು ಸೀರೆ, ಹಸಿರು ಬಳೆ, ಗುಳೇದಗುಡ್ಡದ ಖಣ. ಮುಧೋಳದ ಬಳೆಗಾರ ಕುಲದಲ್ಲಿ ಹುಟ್ಟಿದ ರನ್ನನ ಮನೆಯವರೂ ಎಷ್ಟು ಬಸುರಿಯರ ಕೈಗೆ ಬಳೆ ಏರಿಸಿದ್ದರೊ! ಆ ಮೇಲೆ ತವರು, ಎಣ್ಣೆ ನೀರು, ಹೊರಸಿನ ಕೆಳಗೆ ಅಗ್ಗಿಷ್ಟಿಗೆ, ಅಂಟಿನ ಉಂಡಿ, ಅಳವಿಯ ಪಾಯಸ, ಐದನೆಯ ದಿನ ಸೆಟವಿಯ ಪೂಜೆ.

ಗ್ರಂಥಗಳಲ್ಲಿಯೂ ಈ ವಿಚಾರಕ್ಕೆ ಹಳೆಯ ಬೇರುಗಳುಂಟು. ಚರಕಸಂಹಿತೆಯು ಗರ್ಭಿಣಿಗೆ ತಿಂಗಳು ತಿಂಗಳಿಗೆ ಇಂಥ ಆಹಾರವೆಂದು ಹೇಳುತ್ತದೆ. ಮೊದಲನೆಯ ತಿಂಗಳಿಗೆ ಬರಿಯ ಹಾಲು, ಎಂಟನೆಯದಕ್ಕೆ ಹಾಲಿನಲ್ಲಿ ಬೇಯಿಸಿದ ತುಪ್ಪದ ಗಂಜಿ. ಕನ್ನಡದಲ್ಲಿ ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯನು ‘ಲೋಕೋಪಕಾರ’ವನ್ನು ರಚಿಸಿ ಅಡುಗೆಯನ್ನೂ ವೈದ್ಯವನ್ನೂ ಜನರ ಮಾತಿಗೆ ತಂದನು. ಸುಮಾರು 1200ರಲ್ಲಿ ದೇವೇಂದ್ರಮುನಿಯು ‘ಬಾಲಗ್ರಹಚಿಕಿತ್ಸೆ’ ಎಂಬ ಗ್ರಂಥವನ್ನು ಬರೆದನು. ಆದರೆ ಗ್ರಂಥದಲ್ಲಿ ಇದ್ದುದೆಲ್ಲವೂ ಹಿತವೆಂದೇನೂ ಅಲ್ಲ. ಹಾಲು ಇಳಿಯುವ ಮುಂಚಿನ ದಿನಗಳಲ್ಲಿ ಶಿಶುವಿಗೆ ಜೇನುತುಪ್ಪ ನೆಕ್ಕಿಸಬೇಕೆಂದು ಸುಶ್ರುತ ಹೇಳಿದ್ದಾನೆ. ವರ್ಷ ತುಂಬದ ಕೂಸಿಗೆ ಜೇನು ಕೂಡದೆಂದು ಇಂದಿನ ವೈದ್ಯರು ಹೇಳುತ್ತಾರೆ. ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣುವಿನ ಬೀಜ ಎಳೆಯ ಕರುಳಿನಲ್ಲಿ ವಿಷವಾಗಿ ಬೆಳೆದೀತು.

ಇನ್ನು ಗಟ್ಟಿ ಕಲ್ಲುಗಳನ್ನು ನೋಡೋಣ. ನಮ್ಮಲ್ಲಿ ಬಸುರಿಯ ಬಯಕೆಗೆ ಬಡವರ ಮನೆಯಲ್ಲಿಯೂ ಇಲ್ಲವೆನ್ನುವುದಿಲ್ಲ. ಜೋಳದ ರೊಟ್ಟಿಯ ಜೊತೆಗೆ ಮೆಂತೆ, ಹಕ್ಕರಕಿ, ಉಳ್ಳಾಗಡ್ಡಿಯ ತಪ್ಪಲನ್ನು ಹಸಿಯಾಗಿಯೇ ಕಚ್ಚಿಕೊಂಡು ತಿನ್ನುವುದು ರೂಢಿ. ಇದರ ಬೆಲೆ ಏನೆಂಬುದು ದೂರದಿಂದ ಬಂದ ಒಬ್ಬ ಹೆಣ್ಣುಮಗಳ ಶ್ರಮದಿಂದ ತಿಳಿಯಿತು. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದು, ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಸುರಿಯರು ರಕ್ತಹೀನತೆಯಿಂದ ಏಕೆ ಬಿಳಿಚುತ್ತಾರೆಂದು ಶೋಧಿಸಿದಳು. ದೋಷ ಅವರ ಊಟದಲ್ಲಿತ್ತು. ಈಸ್ಟ್ ಸಾರ ಕೊಟ್ಟಾಗ ಅವರು ಚೇತರಿಸಿಕೊಂಡರೆಂದು 1931ರಲ್ಲಿ ಆಕೆ ಪ್ರಕಟಿಸಿದಳು. ಅದರಲ್ಲಿದ್ದ ಸತ್ವವನ್ನು 1941ರಲ್ಲಿ ಪಾಲಕದ ಎಲೆಯಿಂದ ಬೇರ್ಪಡಿಸಿ, ಎಲೆಯೆಂಬರ್ಥದ ಲ್ಯಾಟಿನ್ ಮಾತಿನಿಂದ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಬೇಯಿಸಿದಷ್ಟೂ ಈ ಸತ್ವ ನಷ್ಟವಾಗುತ್ತದೆ. ನಮ್ಮ ಅಜ್ಜಿಯರಿಗೆ ಇದು ತಿಳಿದಿತ್ತೆಂದು ನಾನು ಹೆಮ್ಮೆ ಕೊಚ್ಚಲಾರೆ; ಹೊಲದ ತಪ್ಪಲು ಕೈಗೆ ಎಟುಕುತ್ತಿತ್ತು, ತಿಂದರು, ಹಿತವಾಯಿತು. ತಪ್ಪಲು ತಿಂದರೆ ಮಾತ್ರೆ ಬೇಡವೆಂದೂ ಇದರ ಅರ್ಥವಲ್ಲ.

ಸಡಿಲ ಕಲ್ಲುಗಳೂ ಇವೆ. ಬಸುರಿಗೆ ಎಲ್ಲವನ್ನೂ ಕೊಟ್ಟ ಮನೆಯೇ ಬಾಣಂತಿಗೆ ಥಂಡಿ, ನಂಜು ಎಂದು ಕಾಯಿಪಲ್ಯ, ಬೇಳೆಗಳನ್ನು ಬಿಡಿಸಿ ಬಿಳಿಯ ಅನ್ನಕ್ಕೆ ಕೂಡಿಸುತ್ತದೆ. ಕೈಯಿಂದ ಕುಟ್ಟಿದ ಅಕ್ಕಿಯಿದ್ದ ಕಾಲದಲ್ಲಿ ತವುಡಿನ ಸತ್ವವಾದರೂ ಉಳಿಯುತ್ತಿತ್ತು. ಗಿರಣಿಯ ಅಕ್ಕಿ ಬಂದಿತು, ಪಥ್ಯ ಬದಲಾಗಲಿಲ್ಲ. ಪಾಲಿಷ್ ಅಕ್ಕಿ ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನು ಐಕ್ಮನ್ ಎಂಬ ಡಚ್ ವೈದ್ಯನು ಜಾವಾದಲ್ಲಿ 1890ರ ದಶಕದಲ್ಲಿಯೇ ಕಂಡಿದ್ದನು. ತವುಡಿನಲ್ಲಿದ್ದ ಆ ಸತ್ವವೇ ಥಯಾಮಿನ್. ಇಂಥ ಕಟ್ಟುಪಥ್ಯದ ತಾಯಂದಿರ ಹಾಲಿನಲ್ಲಿ ಅದು ಸಾಲದೆ ಎಳೆಗೂಸುಗಳ ಹೃದಯ ಸೋಲುವುದನ್ನು ಈಚೆಗೆ ಕರ್ನಾಟಕದ ವೈದ್ಯರೂ ಕಂಡಿದ್ದಾರೆ. ಪದ್ಧತಿ ಹಳೆಯದು, ಅಕ್ಕಿ ಹೊಸದು. ಕೇಡು ಇವೆರಡರ ನಡುವೆ ಹುಟ್ಟಿದ್ದು. ಅಗ್ಗಿಷ್ಟಿಗೆಯ ಮಾತೂ ಹಾಗೆಯೇ. ಬೆಚ್ಚಗಿಡುವುದು ಬೇಕು, ಮುಚ್ಚಿದ ಖೋಲಿಯ ಹೊಗೆ ಬೇಡ.

ಆ ಸಂಜೆ ಆಶಾ ಕಾರ್ಯಕರ್ತೆ ಹೋದ ಮೇಲೆ ದೊಡ್ಡವ್ವ ಸುಮ್ಮನೆ ಕುಳಿತಿದ್ದಳು. ಸ್ವಲ್ಪ ಹೊತ್ತಾದ ಮೇಲೆ, “ನನಗಿಂತ ಮುಂಚೆ ನಮ್ಮವ್ವಗ ಒಂದು ಗಂಡು ಹುಟ್ಟಿತ್ತು” ಎಂದಳು. ಇದನ್ನು ನಾನು ಎಂದೂ ಕೇಳಿರಲಿಲ್ಲ. ಬೀಳಗಿಯ ಕಡೆಯ ಹಳ್ಳಿ. ಕುಡುಗೋಲಿನಿಂದ ಹೊಕ್ಕುಳ ಕೊಯ್ದು ಬೂದಿ ಹಚ್ಚಿದ್ದರು. ಐದನೆಯ ರಾತ್ರಿ ಸೆಟವಿಯನ್ನು ಪೂಜಿಸಿ, ದೀಪ ಆರದಂತೆ ಕಾಯ್ದರು. ಏಳನೆಯ ದಿನ ಕೂಸು ಮೊಲೆ ಹಿಡಿಯಲಿಲ್ಲ. ಎಂಟನೆಯ ದಿನ ಬಿಲ್ಲಿನಂತೆ ಬಾಗಿ ಹೋಗಿಬಿಟ್ಟಿತು. “ಸೆಟವಿ ಬರದದ್ದು ಅಷ್ಟು ಅಂದ್ರು” ಎಂದಳು ದೊಡ್ಡವ್ವ.

ಅದು ಧನುರ್ವಾಯು. ಮಣ್ಣು, ಸಗಣಿಯಲ್ಲಿರುವ ರೋಗಾಣು ಹಸಿಯಾದ ಹೊಕ್ಕುಳದಿಂದ ಒಳಹೊಕ್ಕು, ಹೆಚ್ಚಾಗಿ ಮೊದಲ ವಾರದ ಆಚೀಚೆ ಎರಗುತ್ತದೆ. ಸೆಟವಿ ಹಣೆಬರಹ ಬರೆಯುವಳೆಂದು ಹೆಂಗಸರು ದೀಪ ಹಚ್ಚಿ ಕಾಯ್ದ ರಾತ್ರಿ ಈ ಮೃತ್ಯುವಿನ ಹೊಸ್ತಿಲಲ್ಲಿಯೇ ಇರುವುದನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ. ಅಪಾಯದ ದಿನವನ್ನು ಅವರು ಬಲ್ಲವರಾಗಿದ್ದರು. ಅಪಾಯದ ಬಾಗಿಲನ್ನು ಅರಿಯರು.

ಇದಕ್ಕಾಗಿ ಸೂಲಗಿತ್ತಿಯನ್ನು ಹಳಿಯುವುದು ನ್ಯಾಯವಲ್ಲ. 1847ರಲ್ಲಿ ವಿಯೆನ್ನಾ ನಗರದಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು ಕಂಡದ್ದೇನು? ಸೂಲಗಿತ್ತಿಯರ ವಾರ್ಡಿಗಿಂತ ವೈದ್ಯರ ವಾರ್ಡಿನಲ್ಲಿಯೇ ಹೆಚ್ಚು ಬಾಣಂತಿಯರು ಸಾಯುತ್ತಿದ್ದರು. ಹೆಣ ಕೊಯ್ದ ಕೈಯಿಂದಲೇ ಹೆರಿಗೆ ಮಾಡಿಸುತ್ತಿದ್ದುದು ಅದಕ್ಕೆ ಕಾರಣ. ಕೈ ತೊಳೆಯಿರೆಂದ ಆತನನ್ನು ಪಂಡಿತರು ನಂಬಲಿಲ್ಲ. ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮ ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಶುದ್ಧವಾದ ಅಲಗು, ತೊಳೆದ ಕೈ, ಬಸುರಿಗೊಂದು ಚುಚ್ಚುಮದ್ದು: ಇಷ್ಟರಿಂದ ಕೂಸುಗಳ ಧನುರ್ವಾಯು ಹಿಂದೆ ಸರಿಯಿತು. ಪ್ರತಿ ಜಿಲ್ಲೆಯಲ್ಲಿಯೂ ಸಾವಿರ ಜನನಕ್ಕೆ ಒಂದಕ್ಕಿಂತ ಕಡಿಮೆಯಾಗಿ, 2015ರಲ್ಲಿ ಭಾರತ ಅದನ್ನು ನಿವಾರಿಸಿದ್ದು ದೃಢಪಟ್ಟಿತು.

ಹಾಗಾದರೆ ಹಳೆಯ ಬಾಣಂತನದಲ್ಲಿ ಉಳಿಸಿಕೊಳ್ಳತಕ್ಕದ್ದು ಯಾವುದು? ನನ್ನ ಅಭಿಪ್ರಾಯದಲ್ಲಿ ಕಷಾಯಕ್ಕಿಂತ ದೊಡ್ಡದು ವಿಶ್ರಾಂತಿ. ಮಗ್ಗದ ಮನೆಯ ಸೊಸೆ ಕಂಡಿಕೆ ಸುತ್ತುವುದನ್ನು ಬಿಟ್ಟು, ಹೊಲದ ಮನೆಯವಳು ಕುಡುಗೋಲು ಕೆಳಗಿಟ್ಟು, ತಿಂಗಳುಗಟ್ಟಲೆ ತವರಿನಲ್ಲಿ ಕೂಸಿನೊಡನೆ ಮಲಗಬಹುದಾಗಿತ್ತು. ಯಾರೂ ಆಡಿಕೊಳ್ಳುತ್ತಿರಲಿಲ್ಲ, ಅದು ಅವಳ ಹಕ್ಕು. ಸರಕಾರಕ್ಕೆ ಈ ಹಕ್ಕು ಹೊಳೆದದ್ದು ತಡವಾಗಿ. ಮುಂಬಯಿ ಪ್ರಾಂತದ ಹೆರಿಗೆ ಭತ್ಯೆಯ ಕಾಯಿದೆ 1929ರದು, ಅಖಿಲ ಭಾರತದ್ದು 1961ರದು. 2017ರಲ್ಲಿ ರಜೆ 26 ವಾರಕ್ಕೆ ಏರಿತು. ಆದರೆ ರಬಕವಿ-ಬನಹಟ್ಟಿಯ ಮನೆಮಗ್ಗಗಳ ಹೆಣ್ಣುಮಕ್ಕಳಿಗೆ ಈ ರಜೆ ಕೊಡುವ ಧಣಿ ಯಾರು? ಅವರ ಪಾಲಿಗೆ ತವರಿನ ಖೋಲಿಯೇ ಇನ್ನೂ ಕಾಯಿದೆ.

ಮರುದಿನ ಬೆಳಿಗ್ಗೆ ನಾನು ಹೋದಾಗ ಮಗು ಹಾಲು ಕುಡಿಯುತ್ತಿತ್ತು. ದೊಡ್ಡವ್ವ ಕಾಸಿ ಆರಿಸಿದ ನೀರಿನ ತಂಬಿಗೆಯನ್ನು ಬಾಣಂತಿಯ ಕೈಗೆ ಕೊಟ್ಟು, ಡಬ್ಬಿಯಿಂದ ಒಂದು ಅಂಟಿನ ಉಂಡಿ ತೆಗೆದಳು. “ಆಕಿ ಮಾತೂ ಕೇಳೂನು, ಇದನ್ನೂ ತಿನ್ನೂನು” ಎಂದಳು.

ನಾಲ್ಕು ಸಂಸ್ಥಾನಗಳ ಇತಿಹಾಸ ಓದಿದ ನನಗೆ ಇದಕ್ಕಿಂತ ಸರಿಯಾದ ತೀರ್ಪು ಹೊಳೆದಿರಲಿಲ್ಲ.